ಆ ಕೆರೆಯೂ ಒಂದು ಕಾಲಕ್ಕೆ ನಾರುತ್ತಿತ್ತು

ಪ್ರಶ್ನೆ: ನನ್ನ ಮಗ ಸ್ವೀಡನ್ನಿನ ವೆಕ್ಷೋ ಎಂಬ ಊರಿನಲ್ಲಿ ಓದುತ್ತಿದ್ದಾನೆ. ಊರೊಳಗಿನ ಕೆರೆಯಲ್ಲಿ ಈಜುವ ವಿಡಿಯೋ ಕಳಿಸಿದ್ದ. ಮನೆ ಕಸವನ್ನೂ ಬೇರೆ ಬೇರೆ ಮಾಡಿ ಕೊಡಬೇಕಂತೆ. ಅಲ್ಲಿಯವರಿಗೆ ಹುಟ್ಟಿನಿಂದಲೇ ಶಿಸ್ತು. ನಮ್ಮ ಜನಕ್ಕೆ ಇದೆಲ್ಲ ಬರುತ್ತದೆಯೇ?
— ಓದುಗರೊಬ್ಬರು, ಹಾವೇರಿ

ಬರುತ್ತದೆ ಸರ್. ಮೊದಲು ಆ ಊರಿನ ಹಳೇ ಕತೆ ಕೇಳಿ. ವೆಕ್ಷೋ ಹೆಚ್ಚು ಕಡಿಮೆ ನಿಮ್ಮ ಹಾವೇರಿಯಷ್ಟೇ ದೊಡ್ಡ ಊರು. ಅಲ್ಲಿ ಟ್ರುಮ್ಮೆನ್ ಅಂತ ಒಂದು ಕೆರೆ. ವರ್ಷಗಟ್ಟಲೆ ಅದಕ್ಕೆ ಊರ ಚರಂಡಿ ನೀರು, ಕಾರ್ಖಾನೆ ನೀರು ಎರಡೂ ಹರಿದವು. ಪಾಚಿ ಕಟ್ಟಿ ಕೆರೆ ನಾರತೊಡಗಿತು. 1950ರ ದಶಕದ ಕೊನೆಗೆ ಕೊಳಚೆ ಬಿಡುವುದನ್ನು ನಿಲ್ಲಿಸಿದರು. ಆದರೂ ಕೆರೆ ಸುಧಾರಿಸಲಿಲ್ಲ. ತಳದ ಕೆಸರಿನಲ್ಲಿ ಕೂತಿದ್ದ ಫಾಸ್ಫರಸ್ ಮತ್ತೆ ಮತ್ತೆ ನೀರಿಗೆ ಸೇರಿ ಪಾಚಿಯನ್ನು ಸಾಕುತ್ತಿತ್ತು. ಕೊನೆಗೆ 1970 ಮತ್ತು 1971ರಲ್ಲಿ ಸುಮಾರು ಒಂದು ಮೀಟರ್ ದಪ್ಪದ ಹೂಳನ್ನು ಪಂಪಿನಿಂದ ಹೀರಿ ತೆಗೆದರು. ಒಣಗಿದ ಮಣ್ಣು ತೋಟಗಳಿಗೆ ಹೋಯಿತು, ನೀರು ತಿಳಿಯಾಯಿತು.

ಇದನ್ನು ಮೊದಲ ಸಲ ಓದಿದಾಗ ನನಗೆ ನಮ್ಮಪ್ಪ ನೆನಪಾದರು. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಸಾಕು, ಚಕ್ಕಡಿ ಹೂಡಿಕೊಂಡು ಹೋಗಿ ಹೂಳು ಹೇರಿಕೊಂಡು ಬಂದು ಹೊಲಕ್ಕೆ ಹಾಕುತ್ತಿದ್ದರು. ಕರೀ ಹೆಂಟೆ. ಬೆರಳಲ್ಲಿ ಒತ್ತಿದರೆ ಪುಡಿಪುಡಿ, ಒಳಗೆ ಸಣ್ಣ ಸಣ್ಣ ಬಸವನಹುಳದ ಚಿಪ್ಪು. ನಾವು ಮಕ್ಕಳು ಅದನ್ನೇ ಆರಿಸಿಕೊಂಡು ಆಡುತ್ತಿದ್ದೆವು. ಕೆರೆಗೆ ಆಳ, ಹೊಲಕ್ಕೆ ಗೊಬ್ಬರ. ಸ್ವೀಡನ್ನಿನವರು ಪಂಪಿನಲ್ಲಿ ಮಾಡಿದ್ದನ್ನು ನಮ್ಮವರು ಸಲಿಕೆ-ಬುಟ್ಟಿಯಲ್ಲಿ ಮಾಡುತ್ತಿದ್ದರು. ಆಗ ನಮ್ಮ ಕೆರೆಗೆ ಯಾರ ಮನೆ ಚರಂಡಿಯೂ ಬರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಹಾಗಾಗಿ ನಿಮ್ಮ ಊರಿನಲ್ಲಿ ಯಾವುದೇ ಕೆರೆಯ ಹೂಳೆತ್ತುವ ಮಾತು ಬಂದರೂ ಮೊದಲು ಒಂದೇ ಪ್ರಶ್ನೆ ಕೇಳಿ: ಚರಂಡಿ ನಿಲ್ಲಿಸಿದ್ದೀರಾ? ಅದನ್ನು ಬಿಟ್ಟು ಹೂಳು ತೆಗೆದರೆ ನೀರಲ್ಲಿ ಹೋಮ ಮಾಡಿದ ಹಾಗೆ.

ಅದೇ ವೆಕ್ಷೋ 1996ರಲ್ಲಿ ಇನ್ನೊಂದು ತೀರ್ಮಾನ ಮಾಡಿತು. ಊರು ಪೆಟ್ರೋಲ್, ಡೀಸೆಲ್, ಕಲ್ಲಿದ್ದಲಿನ ಹಂಗು ಬಿಡಬೇಕು ಅಂತ. ಆ ತೀರ್ಮಾನಕ್ಕೆ ಎಲ್ಲ ಪಕ್ಷದವರೂ ಕೈ ಎತ್ತಿದ್ದರು. ನನಗೆ ದೊಡ್ಡದಾಗಿ ಕಾಣುವುದು ಅದೇ.

ಈಗ ಕಸದ ವಿಷಯ. ಇಟಲಿಯ ಕಪನ್ನೋರಿಯಲ್ಲಿ ಸುಮಾರು 46 ಸಾವಿರ ಜನ. 1997ರಲ್ಲಿ ಅಲ್ಲಿ ಕಸ ಸುಡುವ ಘಟಕ ಕಟ್ಟಲು ಹೊರಟಿದ್ದರು. ರೊಸ್ಸಾನೋ ಎರ್ಕೊಲಿನಿ ಎಂಬ ಪ್ರೈಮರಿ ಶಾಲೆ ಮೇಷ್ಟ್ರು ಜನರನ್ನು ಸೇರಿಸಿ ಅದನ್ನು ತಡೆದರು. ಬೇಡ ಅಂದಮೇಲೆ ಬೇರೆ ದಾರಿ ತೋರಿಸಬೇಕಲ್ವಾ? ಅದನ್ನೂ ತೋರಿಸಿದರು. 2005ರಲ್ಲಿ ಊರಿನ ಒಂದು ಸಣ್ಣ ಭಾಗದಲ್ಲಿ ಮಾತ್ರ ಮನೆಮನೆಯಿಂದ ಕಸ ತೆಗೆದುಕೊಳ್ಳುವುದು ಶುರುವಾಯಿತು. ಅದಕ್ಕೂ ಮೊದಲು ಜನರ ಸಭೆ ಕರೆದು ಅವರ ಮಾತು ಕೇಳಿದ್ದರು. ಸ್ವಯಂಸೇವಕರು ಬುಟ್ಟಿ, ಚೀಲ ಹಿಡಿದು ಮನೆಮನೆಗೆ ಹೋಗಿ ಯಾವುದರಲ್ಲಿ ಏನು ಅಂತ ಹೇಳಿಕೊಟ್ಟಿದ್ದರು. ಗಾಡಿ ಬಂದದ್ದು ಆಮೇಲೆ. 2007ರಲ್ಲಿ 'ಶೂನ್ಯ ಕಸ'ದ ಗುರಿ ಒಪ್ಪಿಕೊಂಡ ಯುರೋಪಿನ ಮೊದಲ ಊರಾಯಿತು. ಅಷ್ಟಕ್ಕೂ ಬಿಡಲಿಲ್ಲ. ಉಳಿದ ಕಸವನ್ನು ಬಿಚ್ಚಿ ನೋಡಿದರು. ಕಾಫಿ ಯಂತ್ರಕ್ಕೆ ಹಾಕುವ ಸಣ್ಣ ಕ್ಯಾಪ್ಸೂಲ್‌ಗಳು ಬಹಳ ಸಿಕ್ಕವು. ಅದನ್ನು ತಯಾರಿಸುವ ಕಂಪನಿಗಳನ್ನೇ ಮಾತಿಗೆ ಕರೆದರು.

ನಮ್ಮಲ್ಲಿ ಏನಾಗುತ್ತದೆ ಹೇಳುತ್ತೇನೆ. ನಾನು ಧಾರವಾಡಕ್ಕೆ ಬರುವ ಮೊದಲು ಕೆಲಸ ಮಾಡಿದ ಒಂದು ಊರಿನಲ್ಲಿ ಒಂದು ದಿನ ಮನೆಗೆ ಎರಡೆರಡು ಬಕೆಟ್ ಬಂದವು, ಹಸಿರೊಂದು, ನೀಲಿಯೊಂದು. ತಂದವರು ಎಣಿಸಿ, ಸಹಿ ಹಾಕಿಸಿಕೊಂಡು ಹೋದರು. ಒಂದು ಮಾತು ಹೇಳಲಿಲ್ಲ. ವಾರದ ನಂತರ ಪಕ್ಕದ ಮನೆಗೆ ಹೋದರೆ ಆ ತಾಯಿ ಹಸಿರು ಬಕೆಟ್ಟಿನ ಮುಚ್ಚಳ ತೆಗೆದು ತೋರಿಸಿದರು. "ಅಕ್ಕೋರ, ಇಂಥಾ ಛಲೋ ಡಬ್ಬಿಯೊಳಗ ಕಸ ಯಾರ ಹಾಕ್ತಾರ್ರೀ? ಜ್ವಾಳ ತುಂಬಿಟ್ಟೀನಿ ನೋಡ್ರಿ." ಅವರ ತಪ್ಪು ಏನೂ ಇಲ್ಲ. ಬೇರೆ ಮಾಡಿ ಕೊಟ್ಟವರ ಕಸವೂ ಗಾಡಿಯಲ್ಲಿ ಒಂದೇ ಗುಡ್ಡೆಗೆ ಬೀಳುತ್ತಿತ್ತು. ಅದನ್ನು ಒಂದು ಸಲ ಕಣ್ಣಾರೆ ಕಂಡ ಮೇಲೆ ಯಾರು ಬೇರೆ ಮಾಡುತ್ತಾರೆ?

ಆಮೇಲೆ ಎಂಟನೇ ಕ್ಲಾಸಿನ ಮೂವರು ಹುಡುಗಿಯರನ್ನು ಕರೆದುಕೊಂಡು ನಮ್ಮ ಓಣಿಯ 14 ಮನೆ ಸುತ್ತಿದೆ. ಎರಡು ಭಾನುವಾರ. ಪ್ರತಿ ಮನೆಯಲ್ಲೂ ಚಹಾ ಆಯಿತು, ಸೊಸೆಯ ಕತೆ ಆಯಿತು, ಕಡೆಗೆ ಕಸದ ಮಾತೂ ಆಯಿತು. ಗಾಡಿಯ ಹುಡುಗನನ್ನೂ ಕೂರಿಸಿಕೊಂಡು ಕೇಳಿದೆವು. "ಎರಡು ಚೀಲ ಕಟ್ಟಿಕೊಡ್ರಿ, ಬೇರೆ ಒಯ್ತೀನಿ" ಅಂದ. ಒಂದು ತಿಂಗಳಲ್ಲಿ 9 ಮನೆಯವರು ಬೇರೆ ಕೊಡತೊಡಗಿದರು. ನೀವೂ ನಿಮ್ಮ ಓಣಿಯಿಂದಲೇ ಶುರು ಮಾಡಿ ಸರ್, ಮೊದಲು ಗಾಡಿಯವರನ್ನು ಮಾತಾಡಿಸಿ.

ಪ್ರಶ್ನೆ: ನಮ್ಮ ಪೇಟೆ ರಸ್ತೆಯಲ್ಲಿ ಬೈಕು, ಕಾರಿನ ನಡುವೆ ನಡೆಯುವುದೇ ಕಷ್ಟ. ಗಾಡಿ ಒಳಗೆ ಬರುವುದನ್ನು ತಡೆದರೆ ವ್ಯಾಪಾರ ಬೀಳುತ್ತದೆ ಅಂತ ಅಂಗಡಿಯವರು ಹೆದರುತ್ತಾರೆ. ನಿಮಗೇನನಿಸುತ್ತದೆ?
— ಗೃಹಿಣಿ, ಗದಗ

ಸ್ಪೇನಿನ ಪೊಂತೆವೆದ್ರಾ ಊರಿನಲ್ಲೂ ಇದೇ ಹೆದರಿಕೆ ಇತ್ತು ತಂಗಿ. ಸುಮಾರು 83 ಸಾವಿರ ಜನ ಅಲ್ಲಿ. 1999ರಿಂದ ಊರ ನಡುವಿನ ರಸ್ತೆಗಳನ್ನು ನಡೆಯುವವರಿಗೆ ಬಿಟ್ಟುಕೊಡುತ್ತಾ ಬಂದರು. ಸಾಮಾನು ಇಳಿಸುವ ಗಾಡಿಗೆ, ಅಲ್ಲೇ ಮನೆ ಇದ್ದವರಿಗೆ ದಾರಿ ಇದೆ. ಸುಮ್ನೆ ಹಾದುಹೋಗುವ ಕಾರಿಗೆ ಇಲ್ಲ. ಪೇಟೆ ಸಾಯಲಿಲ್ಲ, ಜನ ನಿಂತು ಕೊಳ್ಳತೊಡಗಿದರು.

ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ರೈಲಿನ ನಕ್ಷೆಯ ಹಾಗೆ ಊರಿನ ನಕ್ಷೆ ಮಾಡಿ, ಇಲ್ಲಿಂದ ಅಲ್ಲಿಗೆ ನಡೆದರೆ ಎಷ್ಟು ನಿಮಿಷ ಅಂತ ಬರೆದರು. ಮೆಟ್ರೊಮಿನುಟೊ ಅಂತ ಹೆಸರು. ಇದಕ್ಕೆ ಯಾರ ಅಪ್ಪಣೆಯೂ ಬೇಡ. ನಿಮ್ಮ ಶಾಲೆ ಮಕ್ಕಳ ಕೈಗೆ ಒಂದು ಗಡಿಯಾರ ಕೊಟ್ಟು ರೈಲ್ವೆ ಸ್ಟೇಷನ್ನಿನಿಂದ ವೀರನಾರಾಯಣ ಗುಡಿಗೆ, ಅಲ್ಲಿಂದ ತ್ರಿಕೂಟೇಶ್ವರಕ್ಕೆ, ಭೀಷ್ಮ ಕೆರೆಗೆ ನಡೆಸಿ. ನಿಮಿಷ ಬರೆದುಕೊಂಡು ಬರಲಿ. ದೊಡ್ಡ ಹಾಳೆಯಲ್ಲಿ ಬರೆದು ಪೇಟೆಯಲ್ಲಿ ಹಚ್ಚಿ. ಅಂಗಡಿಯವರ ಜೊತೆ ಮಾತು ಅದರ ಮುಂದೆ ನಿಂತೇ ಆಗಲಿ.

ಪ್ರಶ್ನೆ: ಬಾಡಿಗೆ ಮನೆ, ಮೊದಲ ಮಹಡಿ, ಹಿತ್ತಲಿಲ್ಲ. ಹಸಿ ಕಸದಿಂದ ಗೊಬ್ಬರ ಮಾಡಲು ಹೋಗಿ ವಾಸನೆ ಬಂದು ಮನೆ ಓನರ್ ಬೈದರು. ಬಿಟ್ಟುಬಿಡಲೇ?
— ಉದ್ಯೋಗಿ, ಹುಬ್ಬಳ್ಳಿ

ಬಿಡಬೇಡಿ. ನೀರು ಜಾಸ್ತಿ, ಒಣ ಎಲೆ ಕಡಿಮೆ ಆಗಿದೆ, ಅಷ್ಟೇ. ಬದಿಗೆ, ತಳಕ್ಕೆ ತೂತಿರುವ ಮಣ್ಣಿನ ಗಡಿಗೆ ತಗೊಳ್ಳಿ. ಒಂದು ಹಿಡಿ ಕಾಯಿಪಲ್ಲೆ ಸಿಪ್ಪೆಗೆ ಎರಡು ಹಿಡಿ ಒಣ ಎಲೆ. ಅನ್ನ, ಸಾರು ಹಾಕಬೇಡಿ. ಎರಡು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ. ಹುಳಿ ಮಜ್ಜಿಗೆ ಒಂದಿಷ್ಟು ಚಿಮುಕಿಸಿದರೆ ಬೇಗ ಕೊಳೆಯುತ್ತದೆ. ಕಪನ್ನೋರಿಯಲ್ಲಿ ಮನೆಯಲ್ಲೇ ಗೊಬ್ಬರ ಮಾಡುವವರಿಗೆ ಕಸದ ತೆರಿಗೆಯಲ್ಲಿ ನೂರಕ್ಕೆ 10ರಷ್ಟು ಕಡಿಮೆ ಮಾಡಿದ್ದರು. ನಮ್ಮಲ್ಲೂ ಅದನ್ನು ಕೇಳಬೇಕು, ನಿಮ್ಮ ವಾರ್ಡಿನ ಸದಸ್ಯರಿಗೆ ಒಂದು ಅರ್ಜಿ ಬರೆಯಿರಿ. ಮಳೆಗಾಲದಲ್ಲಿ ಒಣ ಎಲೆ ಸಿಗುವುದಿಲ್ಲ. ಮಾರ್ಚ್‌ನಲ್ಲಿ ಬೇವಿನ ಎಲೆ ಉದುರುವಾಗಲೇ ಎರಡು ಚೀಲ ತುಂಬಿಟ್ಟುಕೊಳ್ಳಿ.