ದೊಡ್ಡ ಕಂಪನಿಯಲ್ಲಿ ಇಂಟರ್ನ್‌ಶಿಪ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

*ಪ್ರಶ್ನೆ: ಬಿ.ಇ. ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷ ಓದುತ್ತಿದ್ದೇನೆ. ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಟು ವಾರದ ಇಂಟರ್ನ್‌ಶಿಪ್ ಸಿಕ್ಕಿದೆ. ‘ಮೊದಲ ಎರಡು ವಾರ ಸುಮ್ಮನೆ ಕೂರಿಸ್ತಾರೆ, ಕೊನೆಯ ಎರಡು ವಾರ ಉಸಿರಾಡೋಕೂ ಬಿಡೋದಿಲ್ಲ’ ಎಂದು ಸೀನಿಯರ್‌ಗಳು ಹೆದರಿಸುತ್ತಿದ್ದಾರೆ. ಹೌದೇ? — ವಿದ್ಯಾರ್ಥಿನಿ, ಶಿರಸಿ ತಾಲ್ಲೂಕು*

ಬಹುಪಾಲು ಹೌದು. ಆದರೆ ಬೇಕೆಂದು ಯಾರೂ ಕೂರಿಸುವುದಿಲ್ಲ. ಲ್ಯಾಪ್‌ಟಾಪ್ ಕೊಡುವವರು ಒಬ್ಬರು, ವಿಪಿಎನ್ (ಕಂಪನಿಯ ಜಾಲಕ್ಕೆ ಸುರಕ್ಷಿತ ಸಂಪರ್ಕ) ಕೊಡುವವರು ಇನ್ನೊಬ್ಬರು, ಕೋಡ್ ನೋಡಲು ಅನುಮತಿ ಕೊಡುವವರು ಮತ್ತೊಬ್ಬರು. ಪ್ರತಿಯೊಂದಕ್ಕೂ ಟಿಕೆಟ್ (ಆನ್‌ಲೈನ್ ಕೋರಿಕೆ) ಹಾಕಬೇಕು, ಮ್ಯಾನೇಜರ್ ಒಪ್ಪಬೇಕು; ಅವರು ರಜೆಯಲ್ಲಿದ್ದರೆ ಟಿಕೆಟ್ ಅಲ್ಲೇ ಕೂತಿರುತ್ತದೆ. ಹಾಗಾಗಿ ಮೊದಲ ದಿನವೇ ಮೆಂಟರ್ ಬಳಿ ‘ಈ ತಂಡಕ್ಕೆ ಹೊಸಬರು ಬಂದರೆ ಯಾವ್ಯಾವ ಆಕ್ಸೆಸ್ ಬೇಕಾಗುತ್ತದೆ’ ಎಂದು ಪಟ್ಟಿ ಕೇಳಿ, ಎಲ್ಲಕ್ಕೂ ಒಟ್ಟಿಗೇ ಟಿಕೆಟ್ ಹಾಕಿ. ಒಂದು ಬಂದ ಮೇಲೆ ಇನ್ನೊಂದು ಎಂದು ಕಾದರೆ ಹದಿನೈದು ದಿನ ಕಳೆದದ್ದೇ ತಿಳಿಯುವುದಿಲ್ಲ. ಕಾಯುವಾಗ ತಂಡದ ಹಳೆಯ ಪುಲ್ ರಿಕ್ವೆಸ್ಟ್‌ಗಳ (ಕೋಡ್ ಬದಲಾವಣೆಯನ್ನು ಒಪ್ಪಿಗೆಗೆ ಕಳಿಸುವ ಕೋರಿಕೆ) ಕೆಳಗಿನ ಕಾಮೆಂಟ್‌ಗಳನ್ನು ಓದಿ. ಆ ತಂಡ ಏನನ್ನು ಒಪ್ಪುತ್ತದೆ, ಏನನ್ನು ವಾಪಸು ಕಳಿಸುತ್ತದೆ ಎಂಬುದು ಅಲ್ಲಿ ತಿಳಿದಷ್ಟು ಯಾವ ಟ್ರೇನಿಂಗ್ ವಿಡಿಯೋದಲ್ಲೂ ತಿಳಿಯುವುದಿಲ್ಲ.

ಆಕ್ಸೆಸ್ ಬಂದ ದಿನ ದೊಡ್ಡ ಕೆಲಸಕ್ಕೆ ಕೈ ಹಾಕಬೇಡಿ. ಕೋಡ್ ನಿಮ್ಮ ಯಂತ್ರದಲ್ಲಿ ಬಿಲ್ಡ್ ಆಗಿ, ಟೆಸ್ಟ್‌ಗಳು ಓಡಿದರೆ ಅವತ್ತಿಗೆ ಸಾಕು. ಮೊದಲ ಬದಲಾವಣೆ ನಾಲ್ಕೈದು ಸಾಲಿನದಿರಲಿ: ತಪ್ಪು ಎರರ್ ಮೆಸೇಜ್ ತಿದ್ದುವುದೋ, ಬಿಟ್ಟುಹೋದ ಟೆಸ್ಟ್ ಒಂದನ್ನು ಸೇರಿಸುವುದೋ. ರಿವ್ಯೂಗೆ ಕಳಿಸಿ, ತಿದ್ದಿಸಿಕೊಂಡು, ಮರ್ಜ್ ಆಗುವವರೆಗಿನ, ಅಂದರೆ ತಂಡದ ಕೋಡ್‌ಗೆ ಸೇರುವವರೆಗಿನ ದಾರಿಯನ್ನು ಒಮ್ಮೆ ನಡೆದು ನೋಡುವುದಕ್ಕಷ್ಟೇ ಇದು. ಮುಂದೆಯೂ ಒಂದು ಪುಲ್ ರಿಕ್ವೆಸ್ಟ್ ಇನ್ನೂರು ಸಾಲಿನೊಳಗೆ ಇರಲಿ. ಸಾವಿರ ಸಾಲು ಕಳಿಸಿದರೆ ಯಾರೂ ಕೂಡಲೇ ಮುಟ್ಟುವುದಿಲ್ಲ. ನಾಲ್ಕು ದಿನ ಬಿಟ್ಟು ಮುಟ್ಟಿದವರು ಬುಡದಿಂದ ಬದಲಿಸಲು ಹೇಳುತ್ತಾರೆ. ನಿಮ್ಮ ಸೀನಿಯರ್‌ಗಳ ಕೊನೆಯ ಎರಡು ವಾರ ಹೀಗೆಯೇ ಉರಿದಿರಬೇಕು.

ನಮ್ಮ ಕಡೆಯ ಮಕ್ಕಳು ಸೋಲುವುದು ಕೋಡಿಂಗ್‌ನಲ್ಲಿ ಅಲ್ಲ, ಕೇಳುವುದರಲ್ಲಿ. ಇಂಗ್ಲಿಷ್ ತಪ್ಪೀತು ಎಂದು ಎರಡು ದಿನ ಸುಮ್ಮನೆ ಕೂರುತ್ತಾರೆ. ಅರ್ಧ ಗಂಟೆ ನೀವೇ ಹುಡುಕಿ. ಆಮೇಲೂ ಸಿಗದಿದ್ದರೆ ಬರೆದು ಕೇಳಿ. ಏನು ಮಾಡಲು ಹೊರಟಿದ್ದೆ, ಯಾವ ಕಮಾಂಡ್ ಕೊಟ್ಟೆ, ಏನು ಬಂತು (ಎರರ್ ಪೂರ್ತಿಯಾಗಿ ಇರಲಿ, ಮೊಬೈಲಿನಲ್ಲಿ ತೆಗೆದ ಫೋಟೊ ಬೇಡ), ಈವರೆಗೆ ಏನೇನು ಪ್ರಯತ್ನಿಸಿದೆ ಎಂದು ನಾಲ್ಕು ಸಾಲು ಬರೆದು ತಂಡದ ಚಾನೆಲ್‌ನಲ್ಲೇ ಹಾಕಿ. ಮೆಂಟರ್‌ಗೆ ಖಾಸಗಿಯಾಗಿ ಕಳಿಸಿದರೆ ಅವರು ಮೀಟಿಂಗ್‌ನಿಂದ ಬರುವವರೆಗೂ ಕಾಯಬೇಕು. ಚಾನೆಲ್‌ನಲ್ಲಾದರೆ ಗೊತ್ತಿದ್ದವರು ಯಾರಾದರೂ ಹೇಳುತ್ತಾರೆ. ಬೆಳಗಿನ ಸ್ಟ್ಯಾಂಡ್-ಅಪ್‌ಗೂ (ತಂಡದ ಚಿಕ್ಕ ಸಭೆ) ನಿನ್ನೆ ಮುಗಿಸಿದ್ದು, ಇವತ್ತು ಮಾಡುವುದು, ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಮೂರು ವಾಕ್ಯ ಬರೆದಿಟ್ಟುಕೊಂಡು ಓದಿದರೂ ಅಡ್ಡಿ ಇಲ್ಲ.

ನಾಲ್ಕನೇ ವಾರದ ಕೊನೆಗೆ ನೀವಾಗಿಯೇ ಮೆಂಟರ್ ಬಳಿ ಹೋಗಿ ‘ಉಳಿದ ದಿನಗಳಲ್ಲಿ ಇದರಲ್ಲಿ ಯಾವುದನ್ನು ಬಿಡೋಣ’ ಎಂದು ಕೇಳಿ. ಪ್ರಾಜೆಕ್ಟ್ ಚಿಕ್ಕದಾದರೆ ಅವಮಾನವಿಲ್ಲ. ಓಡುವ, ಟೆಸ್ಟ್ ಇರುವ, ಬೇರೆಯವರು ಮುಂದುವರಿಸಬಲ್ಲ ಅರ್ಧ ಭಾಗವನ್ನು ಕಂಪನಿ ಇಟ್ಟುಕೊಳ್ಳುತ್ತದೆ. ಪೂರ್ತಿ ಬರೆದೂ ಮರ್ಜ್ ಆಗದೆ ಉಳಿದದ್ದನ್ನು ನೀವು ಹೊರಟ ಮರುವಾರ ಯಾರೂ ತೆರೆದು ನೋಡುವುದಿಲ್ಲ. ಏಳನೇ ವಾರದ ಬುಧವಾರದ ನಂತರ ಹೊಸ ಕೋಡ್ ಬೇಡ. ಹ್ಯಾಂಡ್‌ಓವರ್ ಟಿಪ್ಪಣಿ, ಹತ್ತು ಹದಿನೈದು ನಿಮಿಷದ ಪ್ರೆಸೆಂಟೇಷನ್, ರಿವ್ಯೂ ತಿದ್ದುಪಡಿಗಳಿಗೇ ಆ ಸಮಯ ಸಾಲುವುದಿಲ್ಲ.

*ಪ್ರಶ್ನೆ: ಆಫರ್ ಬಂದರೂ ‘ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್’ ನಿಂತಿದೆ. ಅಂಕಪಟ್ಟಿಯ ಹೆಸರಿಗೂ ಆಧಾರ್ ಹೆಸರಿಗೂ ಹೊಂದುತ್ತಿಲ್ಲವಂತೆ. — ಸಿದ್ದಾಪುರ*

ಘಟ್ಟದ ಮೇಲಿನ ಅರ್ಧ ಮನೆಗಳ ಕಥೆ ಇದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಒಂದರಲ್ಲಿ ಹೆಗಡೆ, ಇನ್ನೊಂದರಲ್ಲಿ ಹೆಗ್ಡೆ. ಸುಲಭವಾಗಿ ಬದಲಾಗದ್ದು ಅಂಕಪಟ್ಟಿ. ಆದ್ದರಿಂದ ಅದಕ್ಕೆ ಹೊಂದುವಂತೆ ಆಧಾರ್, ಅದರಂತೆ ಪ್ಯಾನ್, ಕೊನೆಗೆ ಬ್ಯಾಂಕ್ ಖಾತೆ, ಈ ಸಾಲಿನಲ್ಲೇ ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ, ಅಕ್ಷರಗಳನ್ನು ಎರಡು ಸಲ ನೋಡಿಕೊಂಡು ಕೊಡಿ. ಸದ್ಯಕ್ಕೆ ‘ಎರಡೂ ಹೆಸರು ನನ್ನದೇ’ ಎಂಬ ಅಫಿಡವಿಟ್ಟನ್ನು ಇ-ಸ್ಟಾಂಪ್ ಕಾಗದದಲ್ಲಿ ನೋಟರಿ ಮಾಡಿಸಿ ಎಚ್‌ಆರ್‌ಗೆ ಕಳಿಸಿ. ಹೆಚ್ಚಿನ ಕಂಪನಿಗಳು ಅದನ್ನು ಒಪ್ಪುತ್ತವೆ.

*ಪ್ರಶ್ನೆ: ಮಗ ಬಿಸಿಎ ಎರಡನೇ ವರ್ಷ. ಹೆಸರಾಂತ ಕಂಪನಿಯ ಇಂಟರ್ನ್‌ಶಿಪ್ ಎಂದು ಮೇಲ್ ಬಂದಿದೆ, ಲ್ಯಾಪ್‌ಟಾಪ್ ಡಿಪಾಸಿಟ್ 4,500 ರೂಪಾಯಿ ಕಟ್ಟಬೇಕಂತೆ. ಪ್ರಧಾನಮಂತ್ರಿ ಯೋಜನೆಯದ್ದು ಎಂದೂ ಹೇಳುತ್ತಾರೆ. ಕಟ್ಟಬಹುದೇ? — ಕೃಷಿಕರು, ಕುಮಟಾ*

ಬೇಡ. ಕೆಲಸ ಕೊಡುವವರು ಹಣ ಕೇಳುವುದಿಲ್ಲ. ಡಿಪಾಸಿಟ್, ರಿಜಿಸ್ಟ್ರೇಷನ್, ಸರ್ಟಿಫಿಕೇಟ್ ಶುಲ್ಕ ಎಂದು ಹೆಸರು ಏನೇ ಇರಲಿ. ಮೇಲ್‌ನಲ್ಲಿ ಕಂಪನಿಯ ಹೆಸರಲ್ಲ, ‘ಅಟ್’ ಚಿಹ್ನೆಯ ನಂತರ ಏನಿದೆ ನೋಡಿ. ಅಲ್ಲಿ ಜಿಮೇಲ್ ಇದ್ದರೆ, ಅಥವಾ ಕಂಪನಿಯ ಹೆಸರಿಗೆ ‘ಕರಿಯರ್ಸ್’, ‘ಹೈರಿಂಗ್’ ಎಂದು ಬಾಲ ಅಂಟಿಸಿದ್ದರೆ ಅನುಮಾನಿಸಿ. ಕಂಪನಿಯ ಸ್ವಂತ ವೆಬ್‌ಸೈಟಿನ ಕರಿಯರ್ ಪುಟದಲ್ಲಿ ಆ ಹುದ್ದೆ ಇದೆಯೇ ಎಂದು ಮಗನಿಂದ ತೆಗೆಸಿ ನೋಡಿ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬೇರೆಯೇ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದಾಗ ಅದು 21ರಿಂದ 24 ವರ್ಷದವರಿಗೆ, 12 ತಿಂಗಳ ಅವಧಿಗೆ, ತಿಂಗಳಿಗೆ 5,000 ರೂಪಾಯಿಯದ್ದಾಗಿತ್ತು. ಪೂರ್ಣಾವಧಿ ಕಾಲೇಜಿಗೆ ಹೋಗುವವರಿಗೆ ಅವಕಾಶ ಇರಲಿಲ್ಲ. ಈಗಿನ ನಿಯಮವನ್ನು ಸರ್ಕಾರದ ಪೋರ್ಟಲ್‌ನಲ್ಲೇ ನೋಡಿ, ಅರ್ಜಿಗೆ ಶುಲ್ಕವಿಲ್ಲ. ಹಣ ಆಗಲೇ ಕಳಿಸಿದವರು ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಯೊಳಗೆ ತಿಳಿಸಿದರೆ ಹಣ ಮುಂದೆ ದಾಟದಂತೆ ತಡೆಯುವ ಸಾಧ್ಯತೆ ಹೆಚ್ಚು.

*ಪ್ರಶ್ನೆ: ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಕಾರವಾರ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯಂಥಲ್ಲಿ ನಾಲ್ಕು ವಾರ ಸಿಕ್ಕರೆ ಏನನ್ನು ಗಮನಿಸಬೇಕು? ಸುಮ್ಮನೆ ಸುತ್ತಾಡಿಸಿ ಕಳಿಸುತ್ತಾರೆಂಬ ಭಯ. — ಅಂಕೋಲಾ*

ಸುತ್ತಾಡಿಸುವುದು ನಿಜ, ಕ್ಲೋರಿನ್ ಇರುವ ಕಡೆ ವಿದ್ಯಾರ್ಥಿಯ ಕೈಗೆ ವಾಲ್ವ್ ಕೊಡುವುದಿಲ್ಲ, ಕೊಡಲೂಬಾರದು. ನೀವು ಲೆಕ್ಕ ಹಿಡಿದುಕೊಂಡು ಸುತ್ತಬೇಕು. ಸಮೀಕರಣದ ಪ್ರಕಾರ 1 ಟನ್ ಕಾಸ್ಟಿಕ್ ಸೋಡಾಕ್ಕೆ 1.46 ಟನ್ ಉಪ್ಪು ಬೇಕು. ಜೊತೆಗೆ 886 ಕೆ.ಜಿ. ಕ್ಲೋರಿನ್, 25 ಕೆ.ಜಿ. ಹೈಡ್ರೋಜನ್ ಬರುತ್ತದೆ. ಪ್ಲಾಂಟಿನಲ್ಲಿ ಈ ಅಂಕಿ ಎಷ್ಟು ತಪ್ಪುತ್ತದೆ, ಎಲ್ಲಿ ಸೋರುತ್ತದೆ ಎಂದು ಕೇಳುತ್ತಾ ಹೋದರೆ ಶಿಫ್ಟ್ ಎಂಜಿನಿಯರ್ ತಾವಾಗಿಯೇ ನಿಂತು ಮಾತಾಡುತ್ತಾರೆ.

ಹೆಚ್ಚು ದಿನ ಉಪ್ಪುನೀರಿನ ವಿಭಾಗದಲ್ಲಿ ಕಳೆಯಿರಿ. ಎಲ್ಲರೂ ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ತೆಗೆಯುವ ಸೆಲ್ ಹೌಸ್ ನೋಡಲು ಓಡುತ್ತಾರೆ, ಆದರೆ ಸೆಲ್ಲಿನ ಆಯಸ್ಸು ನಿರ್ಧಾರವಾಗುವುದು ಇಲ್ಲಿ. ಉಪ್ಪು ಕರಗಿಸಿ, ಸೋಡಾ ಆಶ್ ಮತ್ತು ಕಾಸ್ಟಿಕ್ ಹಾಕಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಗಸಿಯನ್ನು ಕ್ಲಾರಿಫೈಯರ್‌ನಲ್ಲಿ ಇಳಿಸುತ್ತಾರೆ. ಸೋಸಿದ ಮೇಲೆ ಅಯಾನ್ ಎಕ್ಸ್‌ಚೇಂಜ್ ರೆಸಿನ್ ಮೂಲಕ ಎರಡನ್ನೂ ಒಟ್ಟು 20 ಪಿಪಿಬಿ (ನೂರು ಕೋಟಿಯಲ್ಲಿ 20 ಭಾಗ) ಆಸುಪಾಸಿಗೆ ತರುತ್ತಾರೆ. ರೆಸಿನ್ ಸೋತು ಕ್ಯಾಲ್ಸಿಯಂ ದಾಟಿದರೆ ಅದು ಸೆಲ್ಲಿನ ನಡುವಿನ ತೆಳು ಪೊರೆಯಾದ ಮೆಂಬ್ರೇನಿನ ಒಳಗೇ ಹೈಡ್ರಾಕ್ಸೈಡ್ ಆಗಿ ಗಟ್ಟಿಯಾಗುತ್ತದೆ. ಆಮೇಲೆ ವೋಲ್ಟೇಜ್ ಏರುತ್ತದೆ, ಅದೇ ಕರೆಂಟಿಗೆ ಬರುವ ಕಾಸ್ಟಿಕ್ ಕಡಿಮೆಯಾಗುತ್ತದೆ. ರೆಸಿನ್ ರೀಜನರೇಶನ್ (ಮತ್ತೆ ಸಜ್ಜುಗೊಳಿಸುವ) ಲಾಗ್ ಮತ್ತು ಸೆಲ್ ವೋಲ್ಟೇಜ್ ಲಾಗ್ ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ ತೋರಿಸಿದರೆ ಅದೇ ನಿಮ್ಮ ವರದಿಯ ಜೀವಾಳ. ಸೆಲ್ಲಿನಿಂದ ಹೊರಬರುವ ಕಾಸ್ಟಿಕ್ ಸುಮಾರು ಶೇ 32ರದ್ದು. ಅದನ್ನು ಶೇ 48–50ಕ್ಕೆ ಏರಿಸುವ ಇವ್ಯಾಪೊರೇಟರ್ ಎಷ್ಟು ಸ್ಟೀಮ್ ತಿನ್ನುತ್ತದೆ ಎಂಬುದೂ ಒಳ್ಳೆಯ ಪ್ರಾಜೆಕ್ಟ್.

ಒಳಗೆ ಕಾಲಿಟ್ಟೊಡನೆ ನೋಡಬೇಕಾದದ್ದು ಗಾಳಿಯ ದಿಕ್ಕು ತೋರಿಸಲು ಎತ್ತರದಲ್ಲಿ ಹಾರುವ ಗಾಳಿಚೀಲ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಸೈರನ್ ಕೇಳಿದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಸರಿದು, ಗಾಳಿ ಬರುವ ಕಡೆಯ ಎತ್ತರದ ಜಾಗಕ್ಕೆ ಹೋಗಬೇಕು. ಚರಂಡಿ, ನೆಲಮಾಳಿಗೆ ಕಡೆಗಲ್ಲ. ಕರಾವಳಿಯಲ್ಲಿ ಸಮುದ್ರದ ಗಾಳಿ ಮಧ್ಯಾಹ್ನ ಒಂದು ದಿಕ್ಕು, ರಾತ್ರಿ ಇನ್ನೊಂದು. ಹಾಗಾಗಿ ಬೆಳಿಗ್ಗೆ ನೋಡಿದ್ದನ್ನು ಸಂಜೆಗೆ ನಂಬಬೇಡಿ. ಸೇಫ್ಟಿ ಶವರ್ ಎಲ್ಲಿದೆ ಎಂದು ಕಣ್ಣುಮುಚ್ಚಿ ಹೋಗುವಷ್ಟು ಗೊತ್ತಿರಲಿ. ಕಾಸ್ಟಿಕ್ ಕಣ್ಣಿಗೆ ಸಿಡಿದರೆ ತಕ್ಷಣ ನೀರು, ಕನಿಷ್ಠ 15 ನಿಮಿಷ, ಡಾಕ್ಟರ್ ಆಮೇಲೆ. ಕಾಂಟ್ಯಾಕ್ಟ್ ಲೆನ್ಸ್ ಬೇಡ. ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ, ತೆಗೆಯಲು ಹೇಳಿದರೆ ಬೇಸರಿಸಬೇಡಿ.

*ಪ್ರಶ್ನೆ: ಎಲೆಕ್ಟ್ರಿಕಲ್ ವಿದ್ಯಾರ್ಥಿನಿ. ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ತರಬೇತಿಗೆ ಹೋಗಬೇಕೆಂದಿದೆ. — ಕಾರವಾರ*

ಬೇಗ ಶುರುಮಾಡಿ. ಕಾಲೇಜಿನ ಪತ್ರದ ಜೊತೆ ಪೊಲೀಸ್ ವೆರಿಫಿಕೇಶನ್ ಪ್ರಮಾಣಪತ್ರ ಬೇಕಾಗುತ್ತದೆ. ಸೇವಾಸಿಂಧು ಮೂಲಕ ಅರ್ಜಿ ಹಾಕಬಹುದು, ಆದರೆ ಪರೀಕ್ಷೆ ಮುಗಿದ ಮೇಲೆ ಹಾಕಿದರೆ ರಜೆಯೇ ಮುಗಿದಿರುತ್ತದೆ. ಮೊಬೈಲ್, ಪೆನ್‌ಡ್ರೈವ್, ಸ್ಮಾರ್ಟ್‌ವಾಚ್ ಒಳಗೆ ಬಿಡುವುದಿಲ್ಲ. ಪುಸ್ತಕ, ಪೆನ್ನಿನ ಅಭ್ಯಾಸ ಮಾಡಿಕೊಳ್ಳಿ. ರಿಯಾಕ್ಟರ್ ಹತ್ತಿರ ಹೋಗುವ ಆಸೆ ಬಿಡಿ, ನಿಮಗೆ ಬೇಕಾದದ್ದು ಟರ್ಬೈನ್ ಹಾಲ್ ಮತ್ತು ಸ್ವಿಚ್‌ಯಾರ್ಡ್‌ನಲ್ಲಿದೆ. 220 ಮೆಗಾವಾಟ್‌ನ ನಾಲ್ಕು ಘಟಕಗಳು ಅಲ್ಲಿವೆ. ಒಂದನೇ ಘಟಕ 2018ರ ಕೊನೆಯ ದಿನದವರೆಗೆ 962 ದಿನ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಮಾಡಿತ್ತು. ಕಲ್ಲಿದ್ದಲು ಸ್ಥಾವರದ ಹಬೆ 540 ಡಿಗ್ರಿಯದ್ದಾದರೆ ಇಲ್ಲಿಯದ್ದು 250 ಡಿಗ್ರಿ ಸುಮಾರಿನ, ತೇವ ತುಂಬಿದ ಹಬೆ. ಹನಿಗಳು ಟರ್ಬೈನ್ ಬ್ಲೇಡ್ ಕೊರೆಯದಂತೆ ನಡುವೆ ನೀರು ಬೇರ್ಪಡಿಸಿ ಮತ್ತೆ ಕಾಯಿಸುತ್ತಾರೆ. ಆ ವ್ಯತ್ಯಾಸವನ್ನು ಓದಿಕೊಂಡು ಹೋಗಿ.

*ಪ್ರಶ್ನೆ: ಮನೆಯಿಂದಲೇ ಇಂಟರ್ನ್‌ಶಿಪ್. ಜೂನ್‌ನಲ್ಲಿ ಕರೆಂಟಿನ ಗತಿ ನಿಮಗೂ ಗೊತ್ತು. — ಹೊನ್ನಾವರ*

ನಮ್ಮ ಜಿಲ್ಲೆಯಲ್ಲಿ ಬೇಸಿಗೆ ಇಂಟರ್ನ್‌ಶಿಪ್ ಎಂದರೆ ಮಳೆಗಾಲದ ಇಂಟರ್ನ್‌ಶಿಪ್ ಎಂದೇ ಲೆಕ್ಕ. ರೂಟರ್‌ಗೆ 12 ವೋಲ್ಟ್‌ನ ಮಿನಿ ಯುಪಿಎಸ್ ಹಾಕಿ. ರೂಟರ್ ಎಳೆಯುವುದು 10 ವಾಟ್ ಆಸುಪಾಸು, 30 ವಾಟ್-ಅವರ್ ಬ್ಯಾಟರಿ ಮೂರು ಗಂಟೆಗೆ ಸ್ವಲ್ಪ ಕಡಿಮೆ ಬರುತ್ತದೆ. ಆದರೂ ನೆಟ್ ಹೋದರೆ ತಪ್ಪು ನಿಮ್ಮ ಮನೆಯದ್ದಲ್ಲ, ಊರಿನ ಆಪರೇಟರ್ ಬಾಕ್ಸಿಗೆ ಬ್ಯಾಟರಿ ಇಲ್ಲ. ಮೊದಲೇ ಅವರನ್ನು ಕೇಳಿ, ಬೇರೆ ಕಂಪನಿಯ ಸಿಮ್ ಒಂದನ್ನು ಇಟ್ಟುಕೊಳ್ಳಿ, ಸಿಗ್ನಲ್ ಸಿಗುವ ಜಾಗ ಯಾವುದೆಂದು ಮಳೆಯಲ್ಲೇ ಪರೀಕ್ಷಿಸಿ. ಮೊದಲ ವಾರವೇ ಮೆಂಟರ್‌ಗೆ ಪರಿಸ್ಥಿತಿ ತಿಳಿಸಿಡಿ. ಮೀಟಿಂಗ್ ನಡುವೆ ಕಾಣೆಯಾದ ಮೇಲೆ ಹೇಳಿದರೆ ಸಬೂಬಿನಂತೆ ಕೇಳುತ್ತದೆ.

*ಪ್ರಶ್ನೆ: ಕಂಪನಿ ಡಿಜಿಟಲ್ ಸರ್ಟಿಫಿಕೇಟ್ ಕೊಡುತ್ತದೆ, ಕಾಲೇಜು ದುಂಡು ಸೀಲ್ ಕೇಳುತ್ತದೆ. ಸ್ಟೈಪೆಂಡ್‌ನಲ್ಲಿ ಶೇ 10 ಹಿಡಿದಿದ್ದಾರೆ. — ಭಟ್ಕಳ*

ದೊಡ್ಡ ಕಂಪನಿಗಳಲ್ಲಿ ಸೀಲ್ ಹುಡುಕಿದರೂ ಸಿಗುವುದಿಲ್ಲ. ಎಚ್‌ಆರ್ ತಮ್ಮ ಅಧಿಕೃತ ಮೇಲ್‌ನಿಂದ ಕಾಲೇಜಿನ ಇಂಟರ್ನ್‌ಶಿಪ್ ಸಂಯೋಜಕರಿಗೆ ನೇರವಾಗಿ ದೃಢೀಕರಣ ಕಳಿಸಲಿ, ಅಷ್ಟಕ್ಕೆ ಕಾಲೇಜು ಸಾಮಾನ್ಯವಾಗಿ ಒಪ್ಪುತ್ತದೆ. ಹಿಡಿದದ್ದು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ), ನಿಮ್ಮ ವರ್ಷದ ಒಟ್ಟು ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು. ತೆರಿಗೆ ಪೋರ್ಟಲ್‌ನ ಎಐಎಸ್‌ನಲ್ಲಿ (ನಿಮ್ಮ ವರ್ಷದ ಆದಾಯ-ತೆರಿಗೆ ವಿವರಪಟ್ಟಿ) ಆ ಮೊತ್ತ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಕಂಪನಿಗೆ ಕೊಟ್ಟ ಪ್ಯಾನ್ ಸಂಖ್ಯೆ ತಪ್ಪಿರಬಹುದು. ವರದಿಯಲ್ಲಿ ಕಂಪನಿಯ ಕೋಡ್, ಸ್ಕ್ರೀನ್‌ಶಾಟ್, ಗ್ರಾಹಕರ ಹೆಸರು ಹಾಕಬೇಡಿ. ಕರಡನ್ನು ಮೆಂಟರ್‌ಗೆ ಕಳಿಸಿ ‘ಅಡ್ಡಿ ಇಲ್ಲ’ ಎಂಬ ಉತ್ತರ ಬರೆಸಿಕೊಳ್ಳಿ. ಕೊನೆಯ ದಿನ ಸಂಜೆಗೆ ನಿಮ್ಮ ಕಂಪನಿ ಮೇಲ್ ಮುಚ್ಚಿಹೋಗುತ್ತದೆ. ಆಫರ್ ಲೆಟರ್, ಸರ್ಟಿಫಿಕೇಟ್, ಸ್ಟೈಪೆಂಡ್ ಸ್ಲಿಪ್, ಆ ಒಪ್ಪಿಗೆ ಇವಿಷ್ಟನ್ನು ಸ್ವಂತ ಮೇಲ್‌ಗೆ ಕಳಿಸಲು ಎಚ್‌ಆರ್‌ಗೆ ಎರಡು ದಿನ ಮೊದಲೇ ಕೇಳಿ.