ಸಂಪಾದಕರ ಉತ್ತರ: ಶಾಲೆಯ ಕಿರುಕುಳಕ್ಕೆ ಕಾಯ್ದೆ ಏಕೆ ಬೇಕು?

ಮಾನ್ಯರೇ,

ಸಲಿಂಗಿ ವಿದ್ಯಾರ್ಥಿಗಳನ್ನು ಶಾಲೆಯಲ್ಲಿ ನಡೆಯುವ ಕಿರುಕುಳದಿಂದ ರಕ್ಷಿಸಲು ಬೇರೆ ಬೇರೆ ದೇಶಗಳು ಮಾಡಿರುವ ಕಾಯ್ದೆಗಳ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಬಹುಕಾಲ ಮುಖ್ಯೋಪಾಧ್ಯಾಯರಾಗಿದ್ದವರ ಪತ್ರಕ್ಕೆ ಎರಡು ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಳ್ಳುವುದು ಸರಿಯೆನಿಸಲಿಲ್ಲ. ತಮ್ಮ ಆಕ್ಷೇಪಗಳ ಸಾರ ಇಷ್ಟು: ಯಾವ ಮಗುವನ್ನು ಪೀಡಿಸಿದರೂ ತಪ್ಪು ತಪ್ಪೇ ಆದ್ದರಿಂದ ಎಲ್ಲರಿಗೂ ಅನ್ವಯವಾಗುವ ಒಂದು ನಿಯಮ ಸಾಕು, ಯಾವುದೋ ಒಂದು ಗುಂಪನ್ನು ಪ್ರತ್ಯೇಕವಾಗಿ ಹೆಸರಿಸಬೇಕಾಗಿಲ್ಲ, ಆ ವಯಸ್ಸಿನ ಮಕ್ಕಳಿಗೆ ತಮ್ಮ ಲೈಂಗಿಕ ಒಲವು ಯಾವುದೆಂಬುದೇ ಸ್ಪಷ್ಟವಿರುವುದಿಲ್ಲ, ಧಾರ್ಮಿಕ ನಂಬಿಕೆಯಿಂದಾಗಿ ಭಿನ್ನ ಅಭಿಪ್ರಾಯ ಇಟ್ಟುಕೊಂಡವರ ಬಾಯಿ ಕಟ್ಟಿದಂತಾಗುತ್ತದೆ, ಎಳೆಯ ಹುಡುಗನೊಬ್ಬನನ್ನು ಅಪರಾಧಿಯನ್ನಾಗಿ ಮಾಡುವುದು ಶಿಕ್ಷಣವಲ್ಲ. ಇಂಥ ಕಾಯ್ದೆಯಲ್ಲಿ ಒಂದೇ ಒಂದು ಅಂಶವನ್ನು ಉಳಿಸಿಕೊಳ್ಳುವುದಾದರೆ ಯಾವುದನ್ನು ಉಳಿಸಿಕೊಳ್ಳುತ್ತೀರಿ ಎಂದೂ ಕೊನೆಯಲ್ಲಿ ಕೇಳಿದ್ದೀರಿ.

ಹುಡುಗನನ್ನು ಅಪರಾಧಿಯನ್ನಾಗಿ ಮಾಡಬಾರದೆಂಬ ಕೊನೆಯ ಆಕ್ಷೇಪದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಚರ್ಚೆಯೆಲ್ಲ ಅದನ್ನೇ ಅವಲಂಬಿಸಿದೆ. ಇವು ಪೀಡಿಸುವ ಮಕ್ಕಳನ್ನು ದಂಡಿಸಲು ಹೊರಟ ಕಾಯ್ದೆಗಳು ಎಂದು ಹೊರಗಿನಿಂದ ನೋಡಿದವರಿಗೆ ತೋರುವುದು ಸಹಜ. ಆದರೆ ಒಳಗಿನ ಅಂಶಗಳನ್ನು ಓದುತ್ತಾ ಹೋದರೆ ಅವುಗಳಲ್ಲಿ ಹೆಚ್ಚಿನವು ದೊಡ್ಡವರಿಗೆ ಸಂಬಂಧಿಸಿದವು ಎಂಬುದು ತಿಳಿಯುತ್ತದೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ 2011ರ ಜನವರಿಯಲ್ಲಿ ಅಂಕಿತ ಬಿದ್ದು ಅದೇ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾಯ್ದೆಯನ್ನೇ ನೋಡಿ. ಕಿರುಕುಳವನ್ನು ಕಂಡ ಅಥವಾ ಅದರ ಬಗ್ಗೆ ನಂಬತಕ್ಕ ಮಾಹಿತಿ ಪಡೆದ ಸಿಬ್ಬಂದಿ ಅದೇ ದಿನ ಮುಖ್ಯೋಪಾಧ್ಯಾಯರಿಗೆ ಬಾಯಿಮಾತಿನಲ್ಲಿ ತಿಳಿಸಿ, 2 ಶಾಲಾ ದಿನಗಳೊಳಗೆ ಲಿಖಿತ ವರದಿ ಕೊಡಬೇಕು. ಮುಖ್ಯೋಪಾಧ್ಯಾಯರು ಒಂದು ಶಾಲಾ ದಿನದೊಳಗೆ ವಿಚಾರಣೆ ಆರಂಭಿಸಬೇಕು. ಲಿಖಿತ ವರದಿ ಬಂದ 10 ಶಾಲಾ ದಿನಗಳಲ್ಲಿ ಅದು ಮುಗಿಯಬೇಕು. ಪ್ರತಿ ಶಾಲೆಯಲ್ಲಿಯೂ ಈ ಕೆಲಸಕ್ಕೆಂದೇ ಒಬ್ಬರನ್ನು ಗೊತ್ತುಮಾಡಬೇಕು. ದೂರು ಬಂದ ಮೇಲೂ ವಿಚಾರಣೆ ನಡೆಸದ ಅಧಿಕಾರಿಯ ಮೇಲೆಯೇ ಶಿಸ್ತುಕ್ರಮ ಕೈಗೊಳ್ಳಲು ಅವಕಾಶವಿದೆ. ಫಿಲಿಪ್ಪೀನ್ಸ್ 2013ರಲ್ಲಿ ಮಾಡಿದ ಕಾಯ್ದೆ ಇನ್ನೂ ಕಟುವಾದುದು. ನಿಯಮಗಳನ್ನು ಪಾಲಿಸದ ಖಾಸಗಿ ಶಾಲೆಯ ಪರವಾನಗಿಯನ್ನೇ ಅಮಾನತಿನಲ್ಲಿಡಬಹುದೆಂದು ಅದು ಹೇಳುತ್ತದೆ. ಪೀಡಿಸಿದ ಹುಡುಗನಿಗೆ ಏನು ಮಾಡಬೇಕೆಂಬುದನ್ನು ಇವು ಬಹುಮಟ್ಟಿಗೆ ಶಾಲೆಯ ವಿವೇಚನೆಗೇ ಬಿಡುತ್ತವೆ. ಏನೂ ಮಾಡದೆ ಸುಮ್ಮನಿರುವ ಸ್ವಾತಂತ್ರ್ಯವನ್ನು ಮಾತ್ರ ಶಾಲೆಗೆ ಬಿಡುವುದಿಲ್ಲ.

ಅಂಥ ಸುಮ್ಮನಿರುವಿಕೆ ಹೇಗಿರುತ್ತದೆ ಎಂಬುದಕ್ಕೆ ನ್ಯಾಯಾಲಯದ ದಾಖಲೆಯಲ್ಲಿಯೇ ಒಂದು ಉದಾಹರಣೆ ಇದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಲ್ಯಾಂಡ್ ಎಂಬ ಊರಿನಲ್ಲಿ ವಿದ್ಯಾರ್ಥಿಯೊಬ್ಬನನ್ನು, ಅವನು ಸಲಿಂಗಿ ಎಂಬ ಕಾರಣಕ್ಕೆ, ಸಹಪಾಠಿಗಳು ವರ್ಷಗಟ್ಟಲೆ ಪೀಡಿಸಿದರು. ವಿಜ್ಞಾನದ ತರಗತಿಯ ಕೋಣೆಯಲ್ಲಿಯೇ ಇಬ್ಬರು ಹುಡುಗರು ಅವನನ್ನು ನೆಲಕ್ಕೆ ಕೆಡವಿ ಅತ್ಯಂತ ಹೇಯವಾಗಿ ಅವಮಾನಿಸಿದಾಗ ಉಳಿದವರು ನೋಡಿ ನಗುತ್ತಿದ್ದರು. ದೂರು ಹೇಳಲು ಹೋದಾಗ, ಹುಡುಗರೆಂದರೆ ಹೀಗೆಯೇ, ನೀನು ಬಹಿರಂಗವಾಗಿ ಸಲಿಂಗಿಯಾಗಿ ಇರುವುದಾದರೆ ಇದನ್ನೆಲ್ಲ ನಿರೀಕ್ಷಿಸಬೇಕು ಎಂಬರ್ಥದ ಉತ್ತರ ಶಾಲೆಯ ಮುಖ್ಯಸ್ಥರಿಂದಲೇ ಬಂತೆಂದು ಅವನ ದೂರಿನಲ್ಲಿದೆ. ಮುಂದೆ ಪ್ರೌಢಶಾಲೆಯಲ್ಲಿ ಹೊಟ್ಟೆಗೆ ಒದೆಸಿಕೊಂಡು ಒಳಗೆ ರಕ್ತಸ್ರಾವವಾಯಿತು. 1996ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು, ಹುಡುಗಿಯರ ಮೇಲೆ ಹುಡುಗರು ಕೈಮಾಡಿದಾಗ ಬಿಗಿಯಾಗಿ ನಡೆದುಕೊಳ್ಳುತ್ತಿದ್ದ ಶಾಲೆ ಈ ಹುಡುಗನ ವಿಷಯದಲ್ಲಿ ಮಾತ್ರ ಕೈಕಟ್ಟಿ ಕುಳಿತದ್ದು ಸಮಾನ ರಕ್ಷಣೆಯ ಹಕ್ಕಿನ ಪ್ರಶ್ನೆಯೆಂದು ಪರಿಗಣಿಸಿ ಮೊಕದ್ದಮೆ ಮುಂದುವರಿಯಲು ಅವಕಾಶ ಕೊಟ್ಟಿತು. ಅದೇ ವರ್ಷ ಜ್ಯೂರಿ ಶಾಲೆಯ ಅಧಿಕಾರಿಗಳನ್ನು ಹೊಣೆಗಾರರನ್ನಾಗಿ ಮಾಡಿತು. ಕಡೆಗೆ 9 ಲಕ್ಷ ಡಾಲರಿಗೂ ಹೆಚ್ಚಿನ ಮೊತ್ತಕ್ಕೆ ರಾಜಿಯಾಯಿತು. ಇದಕ್ಕೆ ನಬೋಜ್ನಿ ಪ್ರಕರಣವೆಂದು ಹೆಸರು.

ಈ ಪ್ರಕರಣದಲ್ಲಿ ತಮ್ಮ ವಾದಕ್ಕೂ ನನ್ನ ವಾದಕ್ಕೂ ಇರಿಸುಮುರಿಸಾಗುವ ಸಂಗತಿಯೊಂದಿದೆ. ಲೈಂಗಿಕ ಒಲವಿನ ಆಧಾರದ ಮೇಲೆ ವಿದ್ಯಾರ್ಥಿಗಳಿಗೆ ತಾರತಮ್ಯ ಮಾಡಕೂಡದೆಂಬ ನಿಯಮ ಆ ಶಾಲಾ ಜಿಲ್ಲೆಯಲ್ಲಿ, ಅಂದರೆ ಅಲ್ಲಿನ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತದಲ್ಲಿ, ಆಗಲೇ ಇತ್ತು. ಹಾಳೆಯ ಮೇಲೆ ಹೆಸರಿಸಿದ ಮಾತ್ರಕ್ಕೆ ಯಾರಿಗೂ ರಕ್ಷಣೆ ಸಿಗುವುದಿಲ್ಲ ಎಂಬುದನ್ನು ನಾನು ಒಪ್ಪಲೇಬೇಕು. ಹಾಗೆಂದು ಹೆಸರಿಸುವುದೇ ಬೇಡ ಎಂದಾಗುವುದಿಲ್ಲ. ಅಮೆರಿಕದ ಆರೆಗಾನ್ ರಾಜ್ಯದ 34 ಕೌಂಟಿಗಳ (ನಮ್ಮ ಜಿಲ್ಲೆಗಳಂಥ ವಿಭಾಗಗಳ) ಹನ್ನೊಂದನೆಯ ತರಗತಿಯ ವಿದ್ಯಾರ್ಥಿಗಳ ಮಾಹಿತಿಯನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಲೈಂಗಿಕ ಒಲವನ್ನು ಸ್ಪಷ್ಟವಾಗಿ ನಮೂದಿಸಿದ ಕಿರುಕುಳ ತಡೆ ನೀತಿಗಳು ಹೆಚ್ಚಾಗಿದ್ದ ಕಡೆ ಸಲಿಂಗಿ ವಿದ್ಯಾರ್ಥಿಗಳಲ್ಲಿ ಆತ್ಮಹತ್ಯೆಯ ಪ್ರಯತ್ನಗಳು ಕಡಿಮೆ ಇದ್ದವೆಂದೂ, ಅದನ್ನು ನಮೂದಿಸದ ಸಾಮಾನ್ಯ ನೀತಿಗಳ ವಿಷಯದಲ್ಲಿ ಅಂಥ ಸಂಬಂಧ ಕಾಣಲಿಲ್ಲವೆಂದೂ ಹೇಳಿದೆ. ಇಂಥ ಅಧ್ಯಯನ ಕಾರಣವನ್ನು ಸಾಬೀತುಪಡಿಸುವುದಿಲ್ಲ. ನೀತಿಯನ್ನು ಬರೆದುಕೊಂಡ ಊರುಗಳು ಮೊದಲೇ ಉದಾರವಾಗಿದ್ದಿರಬಹುದು. ಆದರೂ ಎಲ್ಲರಿಗೂ ಒಂದೇ ನಿಯಮ ಸಾಕು ಎಂಬ ತಮ್ಮ ವಾದಕ್ಕೆ ಅದರಲ್ಲಿ ಆಧಾರ ಸಿಗುವುದಿಲ್ಲ ಎನ್ನುವಷ್ಟನ್ನಂತೂ ಹೇಳಬಹುದು. ಬಣ್ಣಕ್ಕಾಗಿ, ಧರ್ಮಕ್ಕಾಗಿ, ಅಂಗವೈಕಲ್ಯಕ್ಕಾಗಿ ಹೀಯಾಳಿಸುವುದು ತಪ್ಪೆಂದು ಶಿಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಲಿಂಗಿ ಎಂದು ಹೀಯಾಳಿಸಿದಾಗ ಮಾತ್ರ ಅದು ಕಿರುಕುಳವೋ ಹುಡುಗಾಟವೋ ಎಂಬ ಅನುಮಾನ ಅನೇಕರಲ್ಲಿ ಹುಟ್ಟುತ್ತದೆ. ನಿಯಮದಲ್ಲಿ ಸ್ಪಷ್ಟವಾಗಿ ಬರೆಯುವುದರಿಂದ ಆ ಅನುಮಾನದ ಲಾಭ ಪೀಡಿಸುವವನಿಗೆ ಸಿಗದಂತಾಗುತ್ತದೆ.

ಈ ಅನುಮಾನವನ್ನು ಕಾನೂನೇ ಬೆಳೆಸಿದ ಕಾಲವೂ ಇತ್ತು. ಸ್ಥಳೀಯ ಆಡಳಿತಗಳು ಸಲಿಂಗಕಾಮವನ್ನು ಉತ್ತೇಜಿಸಬಾರದೆಂದು ಬ್ರಿಟನ್ 1988ರಲ್ಲಿ ತಂದ ಸೆಕ್ಷನ್ 28ರ ಅಡಿಯಲ್ಲಿ ಯಾರನ್ನೂ ಶಿಕ್ಷೆಗೆ ಗುರಿಪಡಿಸಲಿಲ್ಲ. ಹಾಗಿದ್ದರೂ ಪೀಡೆಗೊಳಗಾದ ಮಗುವಿಗೆ ಸಮಾಧಾನ ಹೇಳಿದರೂ ಎಲ್ಲಿ ಉತ್ತೇಜನವಾಗಿಬಿಡುತ್ತದೋ ಎಂದು ಅಂಜಿ ಎಷ್ಟೋ ಶಿಕ್ಷಕರು ಬಾಯಿ ಬಿಡದೆ ಉಳಿದರು. ಸ್ಕಾಟ್ಲೆಂಡಿನಲ್ಲಿ ಅದು 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ರದ್ದಾಯಿತು.

ಮಕ್ಕಳಿಗೆ ತಮ್ಮ ಒಲವು ತಿಳಿದಿರುವುದಿಲ್ಲ ಎಂಬ ತಮ್ಮ ಮಾತು ಒಂದು ವೇಳೆ ನಿಜವಾದರೂ ಇಲ್ಲಿ ಅದರಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ. ಪೀಡಿಸುವವನು ಎದುರಿನವನ ಒಲವನ್ನು ವಿಚಾರಿಸಿಕೊಂಡು ಬರುವುದಿಲ್ಲ. ನಡಿಗೆ, ದನಿ, ಗೆಳೆಯರು, ಆಟದ ಮೈದಾನದಲ್ಲಿನ ಹಿಂಜರಿಕೆ, ಇವುಗಳನ್ನು ನೋಡಿ ತಾನೇ ತೀರ್ಮಾನಿಸಿಬಿಡುತ್ತಾನೆ. ಅದಕ್ಕಾಗಿಯೇ ಉತ್ತಮವಾಗಿ ರೂಪಿಸಿದ ಕಾಯ್ದೆಗಳು ನಿಜವಾಗಿ ಇರುವ ಅಥವಾ ಇದೆಯೆಂದು ಇತರರು ಭಾವಿಸಿದ ಗುಣಲಕ್ಷಣ ಎಂದು ಎರಡನ್ನೂ ಸೇರಿಸಿ ಬರೆಯುತ್ತವೆ. ತೈವಾನಿನ ಪಿಂಗ್ಟುಂಗ್ ಪ್ರದೇಶದಲ್ಲಿ 2000ದಲ್ಲಿ ಸತ್ತ ವಿದ್ಯಾರ್ಥಿಯೊಬ್ಬನ ಪ್ರಕರಣ ಇಂಥದ್ದೇ. ಅವನ ನಡವಳಿಕೆ ಹುಡುಗನಂತಿಲ್ಲವೆಂದು ಸಹಪಾಠಿಗಳು ಪೀಡಿಸುತ್ತಿದ್ದುದರಿಂದ ಬಿಡುವಿನ ವೇಳೆಯಲ್ಲಿ ಶೌಚಾಲಯಕ್ಕೆ ಹೋಗಲು ಹೆದರಿ, ಪಾಠ ನಡೆಯುತ್ತಿರುವಾಗ ಶಿಕ್ಷಕರ ಅನುಮತಿ ಪಡೆದು ಹೋಗುತ್ತಿದ್ದ. ಹಾಗೆ ಹೋದ ಒಂದು ದಿನ ಶೌಚಾಲಯದ ನೆಲದ ಮೇಲೆ ತೀವ್ರ ಗಾಯಗೊಂಡು ಬಿದ್ದಿದ್ದ. ಅವನ ಒಲವು ಯಾವುದಾಗಿತ್ತು ಎಂಬುದು ಅಲ್ಲಿ ಪ್ರಶ್ನೆಯೇ ಆಗಲಿಲ್ಲ. ಸ್ತ್ರೀ ಪುರುಷ ಸಮಾನತೆಗಷ್ಟೇ ಸೀಮಿತವಾಗಿದ್ದ ಶಿಕ್ಷಣ ಮಸೂದೆಯ ವ್ಯಾಪ್ತಿಯನ್ನು ವಿಸ್ತರಿಸಿ, ಒಲವು ಮತ್ತು ಲಿಂಗ ಗುರುತುಗಳನ್ನೂ ಒಳಗೊಂಡ ಕಾಯ್ದೆಯನ್ನು 2004ರಲ್ಲಿ ತರುವುದಕ್ಕೆ ಈ ಸಾವು ಮುಖ್ಯ ಕಾರಣವಾಯಿತು.

ಧಾರ್ಮಿಕ ನಂಬಿಕೆಯ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಸಲಿಂಗ ಸಂಬಂಧ ತನ್ನ ಧರ್ಮಕ್ಕೆ ಸಮ್ಮತವಲ್ಲ ಎಂದು ವಿದ್ಯಾರ್ಥಿಯೊಬ್ಬ ತರಗತಿಯ ಚರ್ಚೆಯಲ್ಲಿ ಹೇಳಿದರೆ ಅವನನ್ನು ಶಿಕ್ಷಿಸಕೂಡದು ಎಂಬುದು ನನ್ನ ಅಭಿಪ್ರಾಯವೂ ಹೌದು. ಅದೇ ಮಾತನ್ನು ಒಬ್ಬನೇ ಹುಡುಗನ ಹಿಂದೆ ಬಿದ್ದು ಪ್ರತಿದಿನ ಹೇಳುತ್ತಾ, ಅವನು ತರಗತಿಗೆ ಬರಲು ಹೆದರುವಂತೆ ಮಾಡಿದರೆ ಅದು ಅಭಿಪ್ರಾಯವಾಗಿ ಉಳಿಯುವುದಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಸೆನೆಟ್ 2011ರಲ್ಲಿ ಈ ಗೆರೆಯನ್ನೇ ಅಳಿಸಲು ಹೊರಟು, ಪ್ರಾಮಾಣಿಕ ಧಾರ್ಮಿಕ ನಂಬಿಕೆ ಅಥವಾ ನೈತಿಕ ನಿಲುವಿನಿಂದ ಆಡಿದ ಮಾತುಗಳಿಗೆ ವಿನಾಯಿತಿ ಕೊಡುವ ವಾಕ್ಯವೊಂದನ್ನು ಕಿರುಕುಳ ತಡೆ ಮಸೂದೆಯಲ್ಲಿಯೇ ಸೇರಿಸಿತು. ಕಿರುಕುಳದಿಂದ ನೊಂದು ಪ್ರಾಣ ಕಳೆದುಕೊಂಡ ಹುಡುಗನೊಬ್ಬನ ಹೆಸರನ್ನು ಹೊತ್ತಿದ್ದ ಮಸೂದೆ ಅದು. ಅವನ ತಂದೆಯೇ ಆ ವಾಕ್ಯವನ್ನು ವಿರೋಧಿಸಿದರು. ಕಡೆಗೆ ಅದನ್ನು ತೆಗೆದುಹಾಕಿ ಕಾಯ್ದೆ ಮಾಡಿದರು. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ, ಸಲಿಂಗಿ ವಿದ್ಯಾರ್ಥಿಗಳೂ ಅವರ ಗೆಳೆಯರೂ ಸೇರಿ ಕಟ್ಟಿಕೊಳ್ಳುವ ಸಂಘಕ್ಕೆ ಅವರು ಬಯಸಿದ ಹೆಸರನ್ನೇ ಇಡಲು ಸರ್ಕಾರಿ ಅನುದಾನ ಪಡೆಯುವ ಕ್ಯಾಥೊಲಿಕ್ ಶಾಲೆಗಳೂ ಅವಕಾಶ ಕೊಡಬೇಕೆಂದು 2012ರ ಕಾಯ್ದೆ ವಿಧಿಸಿತು. ಚರ್ಚಿನ ಹಿರಿಯರು ಅದನ್ನು ಬಹಿರಂಗವಾಗಿ ವಿರೋಧಿಸಿದರು. ಸಂಘದ ಹೆಸರಿನವರೆಗೂ ಕಾಯ್ದೆ ಕೈಹಾಕಬೇಕಿತ್ತೇ ಎಂಬ ತಮ್ಮ ಪ್ರಶ್ನೆ ಇಲ್ಲಿ ನ್ಯಾಯವಾದದ್ದೇ. ಆದರೆ ಮಕ್ಕಳು ತಾವಾಗಿ ಆರಿಸಿಕೊಂಡ ಹೆಸರನ್ನು ನಿಷೇಧಿಸಿ ಸಂಘವನ್ನಷ್ಟೇ ಒಪ್ಪುವುದೆಂದರೆ ಇರಿ, ಕಾಣಿಸಿಕೊಳ್ಳಬೇಡಿ ಎಂದಂತೆ, ಹೀಗಾಗಿ ನಾನು ಕಾಯ್ದೆಯ ಪರವೇ.

ತಾವು ಪ್ರಸ್ತಾಪಿಸದ ಎರಡು ತೊಡಕುಗಳನ್ನು ನಾನೇ ಮುಂದಿಡುತ್ತೇನೆ. ಕಿರುಕುಳದ ಬಗ್ಗೆ ಪೋಷಕರಿಗೆ ತಿಳಿಸಬೇಕೆಂದು ಹೆಚ್ಚಿನ ಕಾಯ್ದೆಗಳು ಹೇಳುತ್ತವೆ. ಮಗನನ್ನು ಯಾವ ಕಾರಣಕ್ಕೆ ಪೀಡಿಸಿದರೆಂದು ಮನೆಗೆ ಬರೆದು ಕಳುಹಿಸಿದರೆ, ಮನೆಯಲ್ಲಿ ಅವನು ಇನ್ನೂ ಹೇಳಿಕೊಳ್ಳದ ವಿಷಯವನ್ನು ಶಾಲೆಯೇ ಬಯಲು ಮಾಡಿದಂತಾಗುತ್ತದೆ, ಮತ್ತು ಕೆಲವು ಮನೆಗಳು ಶಾಲೆಗಿಂತಲೂ ಅಪಾಯಕಾರಿ. ನ್ಯೂಜೆರ್ಸಿಯ ನಿಯಮಾವಳಿ ಪೋಷಕರಿಗೆ ಘಟನೆಯ ಸ್ವರೂಪವನ್ನು ತಿಳಿಸುವಾಗ ಸಂದರ್ಭವನ್ನು ಗಮನದಲ್ಲಿಟ್ಟುಕೊಳ್ಳಬೇಕೆಂದು ಮುಖ್ಯೋಪಾಧ್ಯಾಯರಿಗೆ ಸೂಚಿಸುತ್ತದೆ. ಏನು ನಡೆಯಿತೆಂದು ಹೇಳಬೇಕು, ಮಗುವಿನ ಒಲವನ್ನು ಹೇಳಲೇಬೇಕಾಗಿಲ್ಲ. ಇನ್ನೊಂದು, ಹಣ. ಅದೇ ರಾಜ್ಯದಲ್ಲಿ ಕಾಯ್ದೆ ಜಾರಿಯಾದ ಕೆಲವೇ ತಿಂಗಳಲ್ಲಿ, ಅನುದಾನವಿಲ್ಲದೆ ಹೊಣೆ ಹೊರಿಸಿದ್ದಾರೆಂದು ಶಾಲಾ ಜಿಲ್ಲೆಯೊಂದು ಸಲ್ಲಿಸಿದ ದೂರನ್ನು ಸಂಬಂಧಪಟ್ಟ ಮಂಡಳಿ ಎತ್ತಿಹಿಡಿಯಿತು; 2012ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು 10 ಲಕ್ಷ ಡಾಲರ್ ಒದಗಿಸಬೇಕಾಯಿತು. ತರಬೇತಿಗೆ ಹಣವಿಡದ ಕಾಯ್ದೆ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇನ್ನೊಂದು ಕಡತವಾಗಿ ಬಿದ್ದಿರುತ್ತದೆ ಎಂಬುದು ತಮಗೆ ನಾನು ಹೇಳಬೇಕಾದ ಮಾತಲ್ಲ.

ಇನ್ನು ಯಾವ ಅಂಶವನ್ನು ಉಳಿಸಿಕೊಳ್ಳುತ್ತೀರಿ ಎಂಬ ಪ್ರಶ್ನೆ. ಹೆಸರಿಸುವ ಅಂಶವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ, ಆದರೆ ಒಂದೇ ಎಂದು ತಾವು ಪಟ್ಟು ಹಿಡಿದಿರುವುದರಿಂದ ಅವಧಿಯ ಅಂಶವನ್ನು ಆರಿಸಿಕೊಳ್ಳುತ್ತೇನೆ: ದೂರನ್ನು ಬರವಣಿಗೆಯಲ್ಲಿ ದಾಖಲಿಸಿ, ಗೊತ್ತಾದ ದಿನಗಳೊಳಗೆ ವಿಚಾರಣೆ ಮುಗಿಸಿ, ಅದರ ಫಲಿತಾಂಶ ತೃಪ್ತಿಕರವಲ್ಲದಿದ್ದರೆ ಶಾಲೆಯ ಹೊರಗಿನವರ ಮುಂದೆ ಮೇಲ್ಮನವಿ ಸಲ್ಲಿಸಲು ಪೋಷಕರಿಗೆ ಅವಕಾಶ ಕೊಡುವ ಅಂಶವನ್ನು. ಆಶ್‌ಲ್ಯಾಂಡಿನ ಶಾಲೆಯಲ್ಲಿ ನಿಯಮವಿದ್ದೂ ಇಲ್ಲದೆ ಹೋದದ್ದು ಇದೊಂದೇ.

ವಂದನೆಗಳೊಂದಿಗೆ,
ಸಂಪಾದಕ