ಹೊಟ್ಟೆ ಡಾಕ್ಟರಿಗೆ ಮುಟ್ಟಿನ ವಿಷಯ ಎಂತಕ್ಕೆ?

ಗುರುತು ಸಿಗದಿರಲಿ ಅಂತ ಹೆಸರು, ವಿವರ ಬದಲಿಸಿದ್ದೇನೆ. ಸುಮಾ ಅನ್ನೋಣ. ವಯಸ್ಸು 29, ಕುಂದಾಪುರದಿಂದ ಉಡುಪಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಲ್ಲಿ ಕೆಲಸಕ್ಕೆ ಬರುವವರು. ಮೂರು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ ಇದೆ, ಅಂದ್ರೆ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು. ಮೆಸಲಮೈನ್ ಮಾತ್ರೆಯಲ್ಲಿ ಹತೋಟಿಗೆ ಬಂದಿತ್ತು.

ನನ್ನ ಹತ್ತಿರ ಬಂದದ್ದು ಹೆದರಿಕೆ ತಡೆಯಲಾಗದೆ. "ತಿಂಗಳು ತಿಂಗಳೂ ಕಾಯಿಲೆ ವಾಪಸ್ ಬರ್ತದೆ ಮೇಡಂ. ಬ್ರಹ್ಮಾವರ ದಾಟುವಾಗಲೇ ಬೆವರು. ಸಂತೆಕಟ್ಟೆಯಲ್ಲಿ ಇಳಿದ್ರೆ ಯಾವ ಹೋಟೆಲಿಗೆ ಓಡಬಹುದು ಅಂತ ಲೆಕ್ಕ ಹಾಕ್ತಾ ಕೂತಿರ್ತೇನೆ."

ಯಾವ ದಿನಗಳಲ್ಲಿ ಅಂತ ಕೇಳಿದೆ. ಫೋನ್ ತೆಗೆದು ಆಫೀಸಿಗೆ ಕಳಿಸಿದ ರಜೆಯ ಮೆಸೇಜುಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಎಲ್ಲಾ ಮುಟ್ಟಿನ ಮೊದಲ ಎರಡು ದಿನ, ಇಲ್ಲಾ ಅದರ ಹಿಂದಿನ ದಿನ. ಡಾಕ್ಟರಿಗೆ ಹೇಳಿದ್ರಾ ಅಂದೆ. "ಹೊಟ್ಟೆ ಡಾಕ್ಟರಿಗೆ ಅದನ್ನೆಲ್ಲ ಎಂತ ಹೇಳುದು?"

ಹೇಳಲೇಬೇಕು. ಮುಟ್ಟಿನ ಹೊತ್ತಿಗೆ ಗರ್ಭಕೋಶದಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಜಾಸ್ತಿ ತಯಾರಾಗುತ್ತದೆ. ಗರ್ಭಕೋಶ ಹಿಂಡುವುದು ಅದರಿಂದಲೇ. ಪಕ್ಕದಲ್ಲೇ ಇರುವ ಕರುಳನ್ನೂ ಅದು ಸುಮ್ನೆ ಬಿಡುವುದಿಲ್ಲ. ಕಾಯಿಲೆ ಇಲ್ಲದ ಎಷ್ಟೋ ಹೆಂಗಸರಿಗೂ ಆ ದಿನ ಬೇದಿಯಾಗುತ್ತದೆ ಅಲ್ವಾ? ಕೊಲೈಟಿಸ್, ಇಲ್ಲಾ ಕರುಳಿನ ಉರಿಯೂತದ ಇನ್ನೊಂದು ಕಾಯಿಲೆ ಕ್ರೋನ್ಸ್ ಇರುವವರಿಗೆ ಅದು ಇನ್ನೂ ಜೋರಾಗಿ ಕಾಣಬಹುದು. ಹಾಗಂತ ಪ್ರತಿ ಸಲ ಉರಿಯೂತ ಮರಳಿದೆ ಅಂತಲ್ಲ.

ನನಗೆ ನಿಜಕ್ಕೂ ಗಾಬರಿಯಾದದ್ದು ಅವರ ವ್ಯಾನಿಟಿ ಬ್ಯಾಗ್ ನೋಡಿ. ಮುಟ್ಟಿನ ನೋವಿಗೆ ಮೆಫೆನಾಮಿಕ್ ಆಸಿಡ್, ಅದರ ಜೊತೆ ಹಳೇ ಚೀಟಿಯಲ್ಲಿ ಉಳಿದಿದ್ದ ಸ್ಟೀರಾಯ್ಡ್ ಸ್ಟ್ರಿಪ್. ಈ ಸ್ಟೀರಾಯ್ಡನ್ನು ಬೇದಿ ಶುರುವಾದ ಕೂಡಲೇ ತಾವೇ ಎರಡು ದಿನ ನುಂಗಿ ನಿಲ್ಲಿಸುತ್ತಿದ್ದರಂತೆ. ಆ ನೋವಿನ ಮಾತ್ರೆಯಿಂದಲೇ ಬೇದಿಯಾಗಬಹುದು, ಕೆಲವರಲ್ಲಿ ಕೊಲೈಟಿಸ್ಸೂ ಕೆರಳಬಹುದು. ಎರಡನ್ನೂ ಡಾಕ್ಟರನ್ನು ಕೇಳದೆ ಮುಟ್ಟಬೇಡಿ ಅಂದೆ. ಅಲ್ಲಿವರೆಗೆ ಬಿಸಿನೀರಿನ ಬ್ಯಾಗ್, ಬೇಕಾದ್ರೆ ಪ್ಯಾರಾಸಿಟಮಾಲ್. ಮೆಸಲಮೈನ್ ಮಾತ್ರ ಒಂದು ದಿನವೂ ಬಿಡಬಾರದು.

ಆಮೇಲೆ ಒಂದು ಹೋಂವರ್ಕ್ ಕೊಟ್ಟೆ. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಲ್ಲೇ ಮೂರು ತಿಂಗಳು ಮುಟ್ಟಿನ ದಿನಕ್ಕೆ ಒಂದು ಚುಕ್ಕೆ, ಎಷ್ಟು ಸಲ ಟಾಯ್ಲೆಟ್ಟಿಗೆ ಹೋದದ್ದು ಅಂತ ಒಂದು ಅಂಕಿ. ಮುಟ್ಟಿನ ದಿನಗಳು ಮುಗಿದ ಮೇಲೂ ಮಲದಲ್ಲಿ ರಕ್ತ, ರಾತ್ರಿ ಎಬ್ಬಿಸುವ ಬೇದಿ, ಜ್ವರ, ತೂಕ ಇಳಿಯುವುದು, ಇದ್ರಲ್ಲಿ ಯಾವುದಾದ್ರೂ ಕಂಡರೆ ಮೂರು ತಿಂಗಳು ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಉರಿಯೂತ ಇದೆಯಾ ಅಂತ ತಿಳಿಯಲು ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆ ಇದೆ. ಮುಟ್ಟಿನ ರಕ್ತ ಸೇರಿದ್ರೆ ಗೊಂದಲ, ಹಾಗಾಗಿ ಮುಗಿದ ಮೇಲೆ ಕೊಡಿ ಅಂತಲೂ ಹೇಳಿದೆ.

ಡಾಕ್ಟರಿಗೆ ಬಾಯಲ್ಲಿ ಹೇಳಲು ಆಗಲ್ಲ ಅಂದರು. ಹೇಳಬೇಡಿ, ಕ್ಯಾಲೆಂಡರನ್ನೇ ಮೇಜಿನ ಮೇಲೆ ಇಡಿ ಅಂದೆ.

ಇಟ್ಟರು. ಕ್ಯಾಲ್ಪ್ರೊಟೆಕ್ಟಿನ್ ನಾರ್ಮಲ್ ಬಂತು, ಹಿಮೋಗ್ಲೋಬಿನ್ ಮಾತ್ರ ಕಮ್ಮಿ, ಕಬ್ಬಿಣದ ಚಿಕಿತ್ಸೆ ಶುರುವಾಗಿದೆ. ಮುಟ್ಟಿನ ಮೊದಲ ದಿನ ಈಗಲೂ ಮೂರು ನಾಲ್ಕು ಸಲ ಓಡಬೇಕು. ಆ ದಿನ ಗಂಜಿ ಊಟ, ಮತ್ತೆ ಅರ್ಧ ಗಂಟೆ ಮುಂಚಿನ ಬಸ್ಸು.